ಪೀಜೋ ತುಣುಕಿಗೆ ಸರ್ಕಿಟ್ ಜೋಡಿಸಿದರೂ ಕಂಪನ ಇಳಿಯುತ್ತಿಲ್ಲ, ಏಕೆ?

ಪ್ರಶ್ನೆ: ಊರು ಗದಗ, ಪುಣೆಯಲ್ಲಿ ಎಂ.ಟೆಕ್. ಓದುತ್ತಿದ್ದೇನೆ. ಒಂದು ತುದಿ ಬಿಗಿದ ಅಲ್ಯೂಮಿನಿಯಂ ಪಟ್ಟಿ, ಅದರ ಬುಡಕ್ಕೆ ಅಂಟಿಸಿದ ಪೀಜೋ (ಬಾಗಿದಾಗ ವಿದ್ಯುತ್ ಹುಟ್ಟಿಸುವ ವಸ್ತು) ತುಣುಕು, ಇಷ್ಟನ್ನು ಸಿಮ್ಯುಲೇಶನ್‌ನಲ್ಲಿ ಕಟ್ಟಿದ್ದೇನೆ. ಮೊದಲ ಆವರ್ತನ 30 ಹರ್ಟ್ಸ್, ಪೀಜೋದ ಕೆಪ್ಯಾಸಿಟೆನ್ಸ್ 50 ನ್ಯಾನೋಫ್ಯಾರಡ್. ಆ ವಿದ್ಯುತ್ತನ್ನು ಸರ್ಕಿಟ್‌ನಲ್ಲಿ ಕಳೆದು ಕಂಪನ ಇಳಿಸಲೆಂದು 1000 ಓಮ್ ರೆಸಿಸ್ಟರ್ ಮತ್ತು 10 ಹೆನ್ರಿ ಇಂಡಕ್ಟರ್ ಸರಣಿಯಲ್ಲಿ ಹಾಕಿದೆ. ಕಂಪನದ ಗ್ರಾಫ್‌ನ ಶಿಖರ ಕದಲಲೇ ಇಲ್ಲ. ರೆಸಿಸ್ಟರನ್ನು 5000 ಓಮ್‌ಗೆ ಏರಿಸಿದರೂ ಅಷ್ಟೇ. ತಪ್ಪು ಮಾದರಿಯಲ್ಲೋ, ಸರ್ಕಿಟ್‌ನಲ್ಲೋ?

ಉತ್ತರ (ಕಂಪನ ವಿಶ್ಲೇಷಕ, ಭೋಸರಿ): ಸರ್ಕಿಟ್‌ನಲ್ಲಂತೂ ಇದೆ. ಮಾದರಿಯಲ್ಲಿಯೂ ಇದೆಯೇ ಎಂದು ತಿಳಿಯಲು ಸದ್ಯಕ್ಕೆ ಸರ್ಕಿಟ್ಟನ್ನೇ ಕಿತ್ತುಹಾಕಿ. ಮೊದಲು ಪೀಜೋದ ಎರಡೂ ಎಲೆಕ್ಟ್ರೋಡ್‌ಗಳನ್ನು ಶಾರ್ಟ್ ಮಾಡಿ (ನೇರವಾಗಿ ಒಂದಕ್ಕೊಂದು ಜೋಡಿಸಿ) ಆವರ್ತನ ನೋಡಿ, ಆಮೇಲೆ ತೆರೆದಿಟ್ಟು ನೋಡಿ. ಶಾರ್ಟ್ ಆದಾಗ 30.0, ತೆರೆದಾಗ 30.3 ಬಂದರೆ ಪಟ್ಟಿಗೂ ವಿದ್ಯುತ್ತಿಗೂ ನಂಟು ಇದೆ ಎಂದರ್ಥ. ಎರಡೂ ಒಂದೇ ಬಂದರೆ ಯಾವ ರೆಸಿಸ್ಟರ್ ಹಾಕಿದರೂ ಫಲವಿಲ್ಲ. ಹಾಗಾದಾಗ ಎರಡು ಕಡೆ ಹುಡುಕಿ: ಎಲೆಕ್ಟ್ರೋಡ್ ಮೇಲ್ಮೈಯ ಎಲ್ಲ ಬಿಂದುಗಳಿಗೂ ಒಂದೇ ವೋಲ್ಟೇಜ್ ಎಂದು ಕಟ್ಟಿದ್ದೀರಾ? ಧ್ರುವೀಕರಣದ (ಪೀಜೋದೊಳಗಿನ ವಿದ್ಯುತ್ ಧ್ರುವಗಳ ಜೋಡಣೆಯ) ದಿಕ್ಕು ತುಣುಕಿನ ದಪ್ಪದ ಉದ್ದಕ್ಕೆ ಇದೆಯೇ? ಎರಡನೆಯದರಲ್ಲಿ ನಾನೇ ಒಮ್ಮೆ ಒಂದು ವಾರ ಕಳೆದಿದ್ದೇನೆ.

ಇನ್ನು ನಿಮ್ಮ ಬೆಲೆಗಳು. 30 ಹರ್ಟ್ಸ್‌ನಲ್ಲಿ 50 ನ್ಯಾನೋಫ್ಯಾರಡ್‌ನ ಪ್ರತಿರೋಧ ಸುಮಾರು 1,06,000 ಓಮ್. ಅದರ ಮುಂದೆ ನಿಮ್ಮ 1000 ಓಮ್ ಶಾರ್ಟ್ ಮಾಡಿದಂತೆಯೇ. 5000ಕ್ಕೂ ಅದೇ ಗತಿ. ರೆಸಿಸ್ಟರ್ ಒಂದನ್ನೇ ಬಳಸುವುದಾದರೆ 1 ಲಕ್ಷ ಓಮ್‌ನ ಆಸುಪಾಸಿನಲ್ಲಿ ಹುಡುಕಿ. ಇಂಡಕ್ಟರ್ ಬೇಕೆಂದರೆ ಅದು ಪೀಜೋದ ಕೆಪ್ಯಾಸಿಟೆನ್ಸ್ ಜೊತೆ ಸೇರಿ ಪಟ್ಟಿಯ ಆವರ್ತನದಲ್ಲಿಯೇ ಅನುರಣಿಸಬೇಕು. ನಿಮ್ಮ 10 ಹೆನ್ರಿ ಅನುರಣಿಸುವುದು 225 ಹರ್ಟ್ಸ್‌ನಲ್ಲಿ. ಮೇಲಿನ 30.0 ಮತ್ತು 30.3 ಹರ್ಟ್ಸ್‌ಗಳನ್ನೇ ಹಿಡಿದರೆ ಬೇಕಾದದ್ದು ಸುಮಾರು 550 ಹೆನ್ರಿ, ಜೊತೆಗೆ 21,000 ಓಮ್. ಸಂಶೋಧಕರಾದ ಹ್ಯಾಗುಡ್ ಮತ್ತು ಫಾನ್ ಫ್ಲೊಟೊ 1991ರಲ್ಲಿ ಕೊಟ್ಟ ಸೂತ್ರದಿಂದ ಬಂದ ಬೆಲೆ ಇದು. ಇದನ್ನು ಆರಂಭ ಎಂದಷ್ಟೇ ತಿಳಿಯಿರಿ, ಸುತ್ತಮುತ್ತ ಬದಲಿಸಿ ನೋಡಿ.

ಮರುಪ್ರಶ್ನೆ: ಎರಡೂ ಆವರ್ತನ ಒಂದೇ ಬಂದವು! ಧ್ರುವೀಕರಣ ಪಟ್ಟಿಯ ಉದ್ದಕ್ಕೆ ತಿರುಗಿತ್ತು. ಸರಿಪಡಿಸಿ 550 ಹೆನ್ರಿ ಹಾಕಿದ ಮೇಲೆ ಒಂದು ಶಿಖರ ಎರಡು ಗುಡ್ಡಗಳಾಗಿ ಒಡೆದಿದೆ, ಎತ್ತರ ಬಹಳ ಇಳಿದಿದೆ. ಆದರೆ 550 ಹೆನ್ರಿಯ ಸುರುಳಿ (ಇಂಡಕ್ಟರ್) ಎಲ್ಲಿ ಸಿಗುತ್ತದೆ? ಪುಣೆಯ ಪಾಸೋಡ್ಯಾ ವಿಠೋಬಾ ದೇವಸ್ಥಾನದ ಬಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೆ ನಕ್ಕುಬಿಟ್ಟರು.

ಉತ್ತರ: ನಗಲಿ ಬಿಡಿ. ಅಷ್ಟು ದೊಡ್ಡ ಸುರುಳಿಯನ್ನು ಸುತ್ತುವ ಗೋಜಿಗೆ ಹೋಗುವವರು ಕಡಿಮೆ. ಎರಡು ಆಪ್‌ಆಂಪ್ (ಆಪರೇಶನಲ್ ಆಂಪ್ಲಿಫೈಯರ್ ಎಂಬ ಚಿಪ್) ಬಳಸುವ ಆಂಟೋನಿಯು ಸರ್ಕಿಟ್ ಸುರುಳಿಯಂತೆಯೇ ವರ್ತಿಸುತ್ತದೆ. ಅದೇ ಅಂಗಡಿಯಲ್ಲಿ ಬಿಡಿಭಾಗ ಸಿಗುತ್ತವೆ. ಆದರೆ ಪಟ್ಟಿ ಜೋರಾಗಿ ಅಲುಗಿದರೆ ವೋಲ್ಟೇಜ್ ಆಪ್‌ಆಂಪ್‌ನ ಪೂರೈಕೆಯನ್ನು ಮೀರಿ ತರಂಗದ ತಲೆ ಕತ್ತರಿಸುತ್ತದೆ, ಸಿಮ್ಯುಲೇಶನ್‌ನ ಆದರ್ಶ ಇಂಡಕ್ಟರ್ ಅದನ್ನು ತೋರಿಸುವುದಿಲ್ಲ. ಇನ್ನೊಂದು, ಪಟ್ಟಿಗೆ ಅದರದೇ ಡ್ಯಾಂಪಿಂಗ್ (ಕಂಪನ ತಾನಾಗಿಯೇ ತಗ್ಗುವ ಗುಣ) ಕೊಟ್ಟಿದ್ದೀರಾ? ಕೊಡದಿದ್ದರೆ ಸರ್ಕಿಟ್ ಇಲ್ಲದ ಶಿಖರ ಆಕಾಶ ಮುಟ್ಟುತ್ತದೆ, ನಿಮ್ಮ ‘ಬಹಳ ಇಳಿದಿದೆ’ ಎಂಬುದನ್ನು ಪರೀಕ್ಷಕರು ನಂಬುವುದಿಲ್ಲ.