ಎಚ್‌ಆರ್ ಕೊಟ್ಟ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಕಾ?

ಪ್ರಶ್ನೆ: ಸರ್, ಪೀಣ್ಯದ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೀನಿ. 6 ವರ್ಷ 8 ತಿಂಗಳಾಯ್ತು. ಸುಮಾರು 500 ಜನ ಇದ್ದೀವಿ. ಬೇಸಿಕ್, ಡಿಎ ಸೇರಿ 13,000 ರೂಪಾಯಿ. ಸೋಮವಾರ ಎಚ್‌ಆರ್ ಕರೆದು, ಟೈಪ್ ಮಾಡಿದ ಹಾಳೆ ಮುಂದಿಟ್ಟರು. "ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ" ಅಂತ ಅದರಲ್ಲಿತ್ತು. ಸಹಿ ಹಾಕದಿದ್ದರೆ ಈ ತಿಂಗಳ ಸಂಬಳ ಇಲ್ಲ ಅಂದರು. ಮನೇಲಿ ಕೇಳಿ ಹೇಳ್ತೀನಿ ಅಂತ ಬಂದೆ. ಮಾರನೇ ದಿನ ಗೇಟಲ್ಲೇ ಕಾರ್ಡ್ ಕಿತ್ಕೊಂಡು ಕಳಿಸಿದ್ರು. ನನ್ನ ಲೈನಿನ ನಾಲ್ಕು ಜನ ಆಗಲೇ ಸಹಿ ಹಾಕಿದ್ದಾರೆ.

ವಕೀಲರ ಉತ್ತರ: ಸಹಿ ಹಾಕಬೇಡಿ ತಾಯಿ. ಮನೇಲಿ ಕೇಳ್ತೀನಿ ಅಂತ ಎದ್ದು ಬಂದಿರಲ್ಲ, ಅದೇ ನಿಮ್ಮನ್ನು ಉಳಿಸಿದೆ.

ಆ ಹಾಳೆ ಅವರಿಗೆ ಯಾಕೆ ಬೇಕು ಗೊತ್ತಾ? 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಪ್ರಕಾರ, 300 ಅಥವಾ ಹೆಚ್ಚು ಕಾರ್ಮಿಕರಿರುವ ಫ್ಯಾಕ್ಟರಿ ಆರ್ಡರ್ ಇಲ್ಲ ಅಂತ ಜನರನ್ನು ತೆಗೆಯಬೇಕಾದರೆ ಸರ್ಕಾರದ ಅನುಮತಿ ಮೊದಲೇ ತಗೋಬೇಕು. ಮೂರು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ, ಜತೆಗೆ ದುಡಿದ ವರ್ಷಕ್ಕೆ 15 ದಿನದ ವೇತನದಂತೆ ಪರಿಹಾರ ಕೊಡಬೇಕು. ನೀವಾಗಿಯೇ ಬಿಟ್ಟಿರಿ ಅಂತಾದರೆ ಇದ್ಯಾವುದೂ ಕೊಡಬೇಕಾಗಿಲ್ಲ.

ಇವತ್ತೇ ಒಂದು ಕಾಗದ ಬರೆಯಿರಿ, ಕನ್ನಡದಲ್ಲೇ. ನಾನು ರಾಜೀನಾಮೆ ಕೊಟ್ಟಿಲ್ಲ, ಇಂಥ ದಿನ ಇಷ್ಟು ಹೊತ್ತಿಗೆ ಕೆಲಸಕ್ಕೆ ಬಂದಾಗ ಗೇಟಲ್ಲಿ ತಡೆದಿರಿ, ಕೆಲಸ ಮಾಡಲು ಈಗಲೂ ಸಿದ್ಧ ಅಂತ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ. ಇದಿಲ್ಲದಿದ್ದರೆ ನಾಳೆ "ಅವಳೇ ಬರಲಿಲ್ಲ" ಅಂತಾರೆ, ಅಂಥದ್ದು ಬೇಕಾದಷ್ಟು ನೋಡಿದ್ದೀನಿ. ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜ್ ಎಲ್ಲ ತೆಗೆದಿಟ್ಟುಕೊಳ್ಳಿ. ಆ ಪ್ರತಿಗಳ ಜತೆ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋದರೆ ನಿಮ್ಮ ಏರಿಯಾ ಯಾರಿಗೆ ಸೇರುತ್ತೆ ಅಂತ ಹೇಳ್ತಾರೆ.

ಸಂಬಳ ತಡೆಹಿಡಿಯೋಕೆ ಅವರಿಗೆ ಹಕ್ಕೇ ಇಲ್ಲ. ಕೆಲಸದಿಂದ ತೆಗೆದರೂ, ನೀವೇ ಬಿಟ್ಟರೂ, ವೇತನ ಸಂಹಿತೆಯಂತೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಸಿಗೋ ಹಣ, ಬೇರೆ. 13,000ವನ್ನು ತಿಂಗಳ ಕೆಲಸದ ದಿನ ಅಂತ ಹಿಡಿಯೋ 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. ಆರು ತಿಂಗಳು ದಾಟಿದ್ದರಿಂದ 7 ವರ್ಷ ಅಂತ ಲೆಕ್ಕ. ಒಟ್ಟು 52,500 ರೂಪಾಯಿ, ಕೆಲಸ ಹೋದ 30 ದಿನದೊಳಗೆ.

ಪ್ರಶ್ನೆ: ಸಹಿ ಹಾಕಿದ ಆ ನಾಲ್ಕು ಜನರ ಕಥೆ?

ಉತ್ತರ: ಅವರದು ಕಷ್ಟ, ಆದರೆ ಮುಗಿದಿಲ್ಲ. ಹೆದರಿಸಿ ಸಹಿ ಹಾಕಿಸಿಕೊಂಡರು, ಅದನ್ನು ವಾಪಸ್ ತಗೊಂಡಿದ್ದೀನಿ ಅಂತ ಒಬ್ಬೊಬ್ಬರೂ ತಕ್ಷಣ ಬರೆದು ಕಳಿಸಲಿ. ತಡವಾದಷ್ಟೂ ನಂಬೋರು ಕಡಿಮೆ. ಐದು ವರ್ಷ ಆಗಿದ್ದವರಿಗೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಸಿಗುತ್ತೆ.

ಪ್ರಶ್ನೆ: ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಸರ್.

ಉತ್ತರ: ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಕೊಡಬೇಕು ಅಂತ 1987ರ ಕಾಯ್ದೆಯೇ ಇದೆ. 15100ಕ್ಕೆ ಫೋನ್ ಮಾಡಿ. ಬರೆದ ಕಾಗದದ ಫೋಟೋ ನನಗೂ ಕಳಿಸಿ, ಪೋಸ್ಟ್ ಮಾಡೋ ಮೊದಲು ಓದಿ ಹೇಳ್ತೀನಿ.