ಅಜ್ಜಿ ಶಾಟ್

“ಹುಡುಗನಿಗೆ ಪ್ರೆಶರ್ ಇದೆ,” ಅಂದ ಸೀನ, ಬೈಟು ಕಾಫಿ ಊದುತ್ತಾ.

“ಎಷ್ಟಿದೆ? ಮೇಲಿನದು, ಕೆಳಗಿನದು ಎರಡೂ ಹೇಳು,” ಎಂದರು ಪುಟ್ಟಣ್ಣ. ಬೆಳಗಿನ ಮಾತ್ರೆಯನ್ನು ಅವರು ಆಗಷ್ಟೇ ನುಂಗಿದ್ದರು.

“ಆ ಪ್ರೆಶರ್ ಅಲ್ಲ ಪುಟ್ಟಣ್ಣ. ನಾಳೆ ಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಸೆಲೆಕ್ಷನ್. ಒಬ್ಬನೇ ಇದ್ದಾಗ ಫ್ರೀ ಥ್ರೋ ಹತ್ತಕ್ಕೆ ಎಂಟು ಹಾಕ್ತಾನೆ. ನಾಲ್ಕು ಜನ ನೋಡ್ತಾ ನಿಂತರೆ ಹತ್ತಕ್ಕೆ ಎರಡು. ಕನ್ಸಿಸ್ಟೆನ್ಸಿ ಇಲ್ಲ.”

“ಅದಕ್ಕೆ ಏನು ಮಾಡಿದೆ?” ಕೇಳಿದ ರಾಮು.

ಕೇಳಬಾರದಿತ್ತು. ಸೀನ ಮೊಬೈಲ್ ತೆಗೆದು ಪಟ್ಟಿ ಓದಿದ. ಹೊಸ ಶೂ, ಒಂದು ಕೈಗೆ ಮಾತ್ರ ಹಾಕೋ ತೋಳು, ಹಣೆಪಟ್ಟಿ, ನೀರಿಗೆ ಬೆರೆಸೋ ನೀಲಿ ಪುಡಿ. ಇಷ್ಟು ಸಾಲದು ಅಂತ ಆನ್‌ಲೈನಿನಲ್ಲಿ ಒಬ್ಬ ಮೈಂಡ್‌ಸೆಟ್ ಕೋಚ್.

“ಒಂದೇ ತೋಳು ಯಾಕೋ? ಇನ್ನೊಂದು ಕಂತಿನಲ್ಲಿ ಬರತ್ತಾ?” ಅಂದ ರಾಮು.

“ಕೋಚ್ ಹೇಳಿಕೊಟ್ಟಿದ್ದು ಕೇಳು. ರಾತ್ರಿ ಮಲಗೋ ಮುಂಚೆ ಕಣ್ಣು ಮುಚ್ಚಿ, ಬಾಲ್ ಒಳಗೆ ಹೋಗೋದನ್ನ ನೋಡಬೇಕು. ವಿಷುವಲೈಸೇಷನ್ ಅಂತ.”

“ಹೋಗ್ತಾ ಇದೆಯಾ?”

“ಮೊದಲ ದಿನ ಹೋಯ್ತು. ಎರಡನೇ ದಿನ ಕಣ್ಣು ಮುಚ್ಚಿದ್ರೂ ರಿಂಗಿಗೆ ಬಡಿದು ಹೊರಗೆ ಬಂತಂತೆ. ಕೋಚಿಗೆ ಹೇಳಿದರೆ, ಇನ್ನೂ ಮೂರು ಸೆಷನ್ ಬೇಕಾಗತ್ತೆ ಅಂದ.”

ರಾಮು ಕಾಫಿ ಲೋಟ ಕೆಳಗಿಟ್ಟ. “ಸೀನಾ, ಫ್ರೀ ಥ್ರೋ ಅಂದರೆ ಏನು? ಎದುರಿನವರು ಫೌಲ್ ಮಾಡಿದ್ದಕ್ಕೆ ಸಿಗೋ ಪುಕ್ಕಟೆ ಎಸೆತ. ಬೋರ್ಡಿನಿಂದ 15 ಅಡಿ ದೂರ. ರಿಂಗು 10 ಅಡಿ ಎತ್ತರ. ಯಾರೂ ಅಡ್ಡ ಬರೋ ಹಾಗಿಲ್ಲ. ಕೈಗೆ ಬಾಲ್ ಕೊಟ್ಟು, 5 ಸೆಕೆಂಡ್ ತಗೋಪ್ಪಾ ಅಂತಾರೆ. ಆದರೂ ಅಮೆರಿಕದ ಶಾಕಿಲ್ ಓನೀಲ್ ಅಂಥ ಆಳು, ಬೋರ್ಡನ್ನೇ ಕಿತ್ತು ಕೆಳಗಿಳಿಸಿದವನು, ಇದರಲ್ಲಿ ನೂರಕ್ಕೆ ಐವತ್ಮೂರರ ಆಸುಪಾಸು. ನಿನ್ನ ಮಗನಿಗೆ ಹದಿಮೂರು ವರ್ಷ.”

“ಓನೀಲ್‌ಗೆ ಆಗ ಮೈಂಡ್‌ಸೆಟ್ ಕೋಚ್ ಸಿಕ್ಕಿರಲಿಕ್ಕಿಲ್ಲ.”

“ಅಲ್ಲಿನವನೇ ಇನ್ನೊಬ್ಬ ಆಟಗಾರ, ವಿಲ್ಟ್ ಚೇಂಬರ್ಲೇನ್, ಅವನ ಕಥೆ ಗೊತ್ತಾ? 1962ರ ಮಾರ್ಚ್ 2. ಒಂದೇ ಮ್ಯಾಚಿನಲ್ಲಿ 100 ಪಾಯಿಂಟ್. ಅವತ್ತು ಫ್ರೀ ಥ್ರೋ 32ಕ್ಕೆ 28. ಹೇಗೆ ಹಾಕಿದ ಅಂದ್ಕೊಂಡೆ? ಎರಡೂ ಕೈಯಲ್ಲಿ ಬಾಲ್ ಹಿಡಿದು, ಮಂಡಿ ಹತ್ತಿರದಿಂದ ಮೇಲಕ್ಕೆ ತೂರಿ. ಆಮೇಲೆ ಅದನ್ನ ಬಿಟ್ಟುಬಿಟ್ಟ. ಯಾಕೆ ಗೊತ್ತಾ? ನಾಚಿಕೆಯಂತೆ! ಹೆಣ್ಣಿಗನ ಥರ ಕಾಣ್ತೀನಿ ಅನ್ನಿಸಿತು ಅಂತ ತಾನೇ ಬರೆದುಕೊಂಡಿದ್ದಾನೆ. ರಿಕ್ ಬ್ಯಾರಿ ಅನ್ನೋನು ನಾಚಿಕೆ ಬಿಟ್ಟು ಕೊನೇತನಕ ಹಾಗೇ ಎಸೆದ. ನೂರಕ್ಕೆ ತೊಂಬತ್ತರ ಹತ್ತಿರ.”

“ಆ ಎಸೆತಕ್ಕೆ ಏನಂತಾರೆ?”

“ಅಜ್ಜಿ ಶಾಟ್.”

ಅಷ್ಟು ಹೊತ್ತು ಸುಮ್ನೆ ಇಡ್ಲಿ ತಿನ್ನುತ್ತಿದ್ದ ಕಮಲಕ್ಕ ತಲೆ ಎತ್ತಿದರು. “ಅಜ್ಜಿ ಏನು ಮಾಡಿದ್ಲಪ್ಪ ನಿಮಗೆ? ನಮ್ಮಜ್ಜಿ ದಿನಾ ಇಪ್ಪತ್ತು ಕೊಡ ನೀರು ಸೇದೋಳು. ಹಗ್ಗ ಬಿಟ್ಟರೆ ಕೊಡ ಒಂದು ಸಲಾನೂ ಬಾವಿ ಗೋಡೆಗೆ ತಗುಲ್ತಿರಲಿಲ್ಲ. ಹಿಂದೆ ನಾಲ್ಕು ಸೊಸೆಯರು ನೋಡ್ತಾ ನಿಂತಿರೋರು. ಕೈ ನಡುಗಲಿಲ್ಲ.”

“ಸೊಸೆಯರ ಕೈ ನಡುಗ್ತಿತ್ತು,” ಅಂದರು ಪುಟ್ಟಣ್ಣ. “ಇವೆಲ್ಲ ಈಗಿನ ಕಾಯಿಲೆ ಬಿಡಿ. ಖೋ ಖೋ ಆಡಿದರೆ ಇದ್ಯಾವುದೂ ಬರಲ್ಲ.”

“ಬ್ಯಾಸ್ಕೆಟ್‌ಬಾಲಿನಲ್ಲೂ ಶುರುವಿನಲ್ಲಿ ಇರಲಿಲ್ಲ ಪುಟ್ಟಣ್ಣ. 1891ರಲ್ಲಿ ಈ ಆಟ ಹುಟ್ಟುಹಾಕಿದ ನೈಸ್ಮಿತ್ ಮೇಷ್ಟ್ರು ಬಾಲ್ಕನಿ ಕಟಕಟೆಗೆ ಹೊಡೆಸಿದ್ದು ಪೀಚ್ ಹಣ್ಣಿನ ಬುಟ್ಟಿ. ತಳ ಇತ್ತು. ಬಾಲ್ ಬಿದ್ದರೆ ಏಣಿ ತಂದು, ಹತ್ತಿ, ತೆಗೀಬೇಕು. ಒಂದು ಬಿದ್ದರೆ ಅಷ್ಟು ಹೊತ್ತು ಎಲ್ಲರಿಗೂ ರೆಸ್ಟು.”

“ಈಗ ನಾನೇನು ಮಾಡಲಿ ಹೇಳೋ,” ಅಂದ ಸೀನ. ನಿಜವಾಗಲೂ ದಣಿದಿದ್ದ.

“ಈವತ್ತು ಇನ್ನೇನೂ ಮಾಡಬೇಡ, ಬೇಗ ಮಲಗಿಸು. ಮುಂದಿನ ಸಲಕ್ಕೆ ಹೇಳ್ತೀನಿ. ಆರಾಮಾಗಿ ನಿಂತು ನೂರು ಹಾಕಿದ್ದು ಲೆಕ್ಕಕ್ಕಿಲ್ಲ. ಈ ತುದಿಯಿಂದ ಆ ತುದಿಗೆ ಓಡಿಸು. ಏದುಸಿರು ಬಂದಾಗ ಎರಡೇ ಎರಡು ಎಸೀಲಿ. ಮತ್ತೆ ಓಡಲಿ. ಎಸೆಯೋ ಮುಂಚೆ ಪ್ರತಿ ಸಲ ಒಂದೇ ಕ್ರಮ. ಎರಡು ಸಲ ಪುಟಿಸು, ಉಸಿರು ಬಿಡು, ಹಾಕು. ಕೈಗೆ ಅದು ರೂಢಿಯಾದರೆ, ತಲೆ ಹೆದರಿದರೂ ಕೈ ತನ್ನ ಕೆಲಸ ಮಾಡತ್ತೆ. ಇನ್ನೊಂದು. ಟೀಮಿಗೆ ಬೇಕಾಗಿರೋದು 12 ಜನ. ಬಂದವರೆಲ್ಲ ರಿಂಗಿನ ಕೆಳಗೇ ನಿಂತಿರ್ತಾರೆ. ಬಾಲ್ ಕೈ ತಪ್ಪಿದ ತಕ್ಷಣ ವಾಪಸ್ ಓಡಿ ಅಡ್ಡ ನಿಲ್ಲೋ ಹುಡುಗ ಮೇಷ್ಟ್ರ ಕಣ್ಣಿಗೆ ಬಿದ್ದೇ ಬೀಳ್ತಾನೆ. ಅದಕ್ಕೆ ತೋಳು ಬೇಡ.”

“ಫೀಸು?”

“ಇನ್ನೊಂದು ಬೈಟು. ಅಂದ ಹಾಗೆ, ನಾಲ್ಕು ಜನ ನೋಡ್ತಾರೆ ಅಂದೆಯಲ್ಲ, ಯಾರವರು?”

“ನಾನು, ಇವಳು, ನಮ್ಮ ಭಾವಮೈದ. ಆಮೇಲೆ ನಮ್ಮ ಮಾವ, ವಿಡಿಯೋ ತೆಗೆಯೋಕೆ.”

ಯಾರೂ ಏನೂ ಅನ್ನಲಿಲ್ಲ. ಕಮಲಕ್ಕ ಚಟ್ನಿ ಹಾಕಿಸಿಕೊಳ್ಳೋಕೆ ಎದ್ದು ಹೋದರು.

“ನೀನೂ ಸೆಲೆಕ್ಷನ್ನಿಗೆ ನಿಂತಿದ್ದೆ ಅಲ್ವಾ ರಾಮು? ಹೈಸ್ಕೂಲಿನಲ್ಲಿ?” ಪುಟ್ಟಣ್ಣ ಕೇಳಿದರು.

“ನಿಂತಿದ್ದೆ. ನಮ್ಮ ಸ್ಕೂಲಿನ ರಿಂಗಿಗೆ ಬಲೆ ಇರಲಿಲ್ಲ. ಬಾಲ್ ಒಳಗಿಂದ ಬಂತೋ, ಪಕ್ಕದಿಂದ ಬಂತೋ ಗೊತ್ತೇ ಆಗ್ತಿರಲಿಲ್ಲ. ನಂದು ಕೊನೇದು ಒಳಗೆ ಹೋಗಿತ್ತು. ಪಿ.ಟಿ. ಮೇಷ್ಟ್ರು ಪಕ್ಕಕ್ಕೆ ಅಂದರು. ನಮ್ಮಪ್ಪ ಬಂದಿದ್ದರೆ ಸಾಕ್ಷಿಗಾದರೂ ಆಗೋರು. ಅವರಿಗೆ ಅವತ್ತು ಸೆಲೆಕ್ಷನ್ ಇದೆ ಅಂತಾನೇ ಗೊತ್ತಿರಲಿಲ್ಲ.”

“ನಿಜವಾಗ್ಲೂ ಒಳಗೆ ಹೋಗಿತ್ತಾ?”

“ನಲವತ್ತು ವರ್ಷ ಆಯ್ತು ಪುಟ್ಟಣ್ಣ. ರಾತ್ರಿ ಕಣ್ಣು ಮುಚ್ಚಿದರೆ ಇವತ್ತಿಗೂ ಒಳಗೇ ಹೋಗತ್ತೆ.”

ಸೀನ ಲೋಟದ ತಳದಲ್ಲಿದ್ದ ನೊರೆಯನ್ನೇ ನೋಡುತ್ತಾ ಕೂತ. ಆಮೇಲೆ ಮೆಲ್ಲಗೆ ಕೇಳಿದ. “ಹಾಗಾದ್ರೆ ನಾಳೆ ನಾನು ಹೋಗಲಾ, ಬೇಡ್ವಾ?”

“ಅವರ ಸ್ಕೂಲಿನ ರಿಂಗಿಗೆ ಬಲೆ ಇದೆಯಾ?”

“ಇದೆ.”

“ಹಾಗಾದ್ರೆ ಬೇಡ.”