ಎಲ್ಲ ದಾರಿಗೂ ಒಂದೇ ಸ್ಟೀಲ್ ಸೈಕಲ್: ಫ್ರೇಮ್ ಯಾವುದು, ಕಟ್ಟೋದು ಹೇಗೆ?

ಕೇಳಿದವರು, ಬೆಂಗಳೂರು

ನಮಸ್ಕಾರ. ನನ್ನ ಎತ್ತರ 160 ಸೆಂ.ಮೀ. ವಾರದ ದಿನ ಆಫೀಸಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆ, ಭಾನುವಾರ ನಂದಿ ಬೆಟ್ಟ. ಈ ವರ್ಷ 200 ಕಿ.ಮೀ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸುವ ಆಸೆ. ಊರು ತೀರ್ಥಹಳ್ಳಿ ಹತ್ತಿರ, ಮಳೆಗಾಲದಲ್ಲಿ ಅಲ್ಲೂ ಓಡಿಸಬೇಕು. ಈಗಿರುವ ಅಲ್ಯೂಮಿನಿಯಂ ಸೈಕಲ್ 25 ಎಂ.ಎಂ.ಗಿಂತ ದಪ್ಪ ಟೈರ್ ಹಿಡಿಯಲ್ಲ, ಮಡ್‌ಗಾರ್ಡ್ ಕೂರಿಸಲು ತೂತೇ ಇಲ್ಲ. ಒಳ್ಳೆಯ ಸ್ಟೀಲ್ ಫ್ರೇಮ್ ತಗೊಂಡು ನಿಧಾನಕ್ಕೆ ಪಾರ್ಟ್ಸ್ ಜೋಡಿಸೋಣ ಅಂತ ಇದ್ದೇನೆ. ಸೆಕೆಂಡ್ ಹ್ಯಾಂಡ್ ರೆನಾಲ್ಡ್ಸ್ 531 (ಬ್ರಿಟನ್ನಿನ ರೆನಾಲ್ಡ್ಸ್ ಕಂಪನಿಯ ಹಳೇ ಸ್ಟೀಲ್ ಕೊಳವೆ) ಫ್ರೇಮ್ ಒಂದು ಸಿಗುತ್ತಿದೆ. ಇನ್ನೊಂದು ಹೊಸ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಮ್ ಸೇರಿಸಿದ ಸ್ಟೀಲ್) ಫ್ರೇಮ್, ಡಿಸ್ಕ್ ಬ್ರೇಕಿನದು. ಕಟ್ಟಿ ಓಡಿಸಿದವರು ಹೇಳಿ.

ಮೈಸೂರಿನಿಂದ

ಟ್ಯೂಬಿನ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಫ್ರೇಮ್ ನೋಡುವಾಗ ಮೊದಲು ಕೇಳಬೇಕಾದ್ದು ಇದು: ಮಡ್‌ಗಾರ್ಡ್ ಹಾಕಿದ ಮೇಲೂ 32 ಎಂ.ಎಂ. ಟೈರ್ ಆರಾಮಾಗಿ ತಿರುಗುತ್ತಾ? ಹ್ಯಾಂಡಲ್, ಗೇರ್, ಸೀಟು, ಚಕ್ರ ಎಲ್ಲವನ್ನೂ ಆಮೇಲೆ ಬದಲಾಯಿಸಬಹುದು. ಚೈನ್‌ಸ್ಟೇಗಳ (ಹಿಂದಿನ ಚಕ್ರದ ಎರಡೂ ಬದಿಯ ಕೆಳಗಿನ ಕೊಳವೆಗಳು) ನಡುವಿನ ಜಾಗ ಮತ್ತು ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕೆಳಗಿನ ಜಾಗ ಮಾತ್ರ ಕಟ್ಟಿದವರು ಬಿಟ್ಟಷ್ಟೇ.

ಸ್ಟೀಲ್ ಸೈಕಲ್ ಮೆತ್ತಗೆ ಓಡುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದರಲ್ಲಿ ಹೆಚ್ಚಿನ ಪಾಲು ಟೈರಿನದು, ಒಳಗಿನ ಗಾಳಿಯದು. ಅದೇ ಫ್ರೇಮಿಗೆ 25ರ ಟೈರಿಗೆ ಗಟ್ಟಿ ಗಾಳಿ ಹೊಡೆದು ಓಡಿಸಿ, ಆಮೇಲೆ 32ಕ್ಕೆ ಕಡಿಮೆ ಗಾಳಿ ಹಾಕಿ ಓಡಿಸಿ. ಬೇರೆ ಸೈಕಲ್ಲೇ ಅನ್ನಿಸುತ್ತೆ. ಇನ್ನೊಂದು ವಿಷಯ, ಎಲ್ಲ ಸ್ಟೀಲಿನ ಬಿಗುವೂ (ಬಾಗದಿರುವ ಗುಣ) ಹೆಚ್ಚುಕಡಿಮೆ ಒಂದೇ. ಅಗ್ಗದ ಹೈ-ಟೆನ್ ಸ್ಟೀಲ್ ಆಗಲಿ, ದುಬಾರಿ ರೆನಾಲ್ಡ್ಸ್ 853 ಆಗಲಿ. ವ್ಯತ್ಯಾಸ ಇರೋದು ಎಷ್ಟು ಭಾರ ತಡೆಯುತ್ತೆ ಅನ್ನೋದರಲ್ಲಿ. ಜಾಸ್ತಿ ತಡೆಯುವ ಸ್ಟೀಲಾದರೆ ಕೊಳವೆಯನ್ನು ತೆಳ್ಳಗೆ ಮಾಡಬಹುದು, ತೂಕ ಇಳಿಯುತ್ತೆ. ತುದಿಗಳಲ್ಲಿ 0.8 ಎಂ.ಎಂ., ನಡುವೆ 0.5 ಇರುವುದನ್ನು ಬಟೆಡ್ ಅಂತಾರೆ. ಬೆಸುಗೆ ಬೀಳುವಲ್ಲಿ ದಪ್ಪ, ಬೇಡದ ಕಡೆ ತೆಳು. ರೆನಾಲ್ಡ್ಸ್ ಇದಕ್ಕೆ ಪೇಟೆಂಟ್ ತಗೊಂಡದ್ದು 1897ರಲ್ಲಿ. 531 ಬಂದದ್ದು 1935ರಲ್ಲಿ.

ಸ್ಟಿಕ್ಕರ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ಉಗುರಿನಿಂದ ಡೌನ್ ಟ್ಯೂಬಿನ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಉದ್ದಕ್ಕೂ ಟಕ್ ಟಕ್ ಅಂತ ತಟ್ಟುತ್ತಾ ಹೋಗಿ. ಬಟೆಡ್ ಆಗಿದ್ದರೆ ನಡುವಿನ ಸದ್ದು ಬೇರೆ, ತುದಿಯದು ಬೇರೆ. ಹಳೇ ಫ್ರೇಮಾದರೆ ಸೀಟು ಹೊರುವ ಕಂಬದ, ಅಂದರೆ ಸೀಟ್‌ಪೋಸ್ಟಿನ ಮೇಲೆ ಕೊರೆದಿರುವ ಅಳತೆಯನ್ನೂ ಓದಿ. ಆ ಕಂಬ ಇಳಿಯುವ 28.6 ಎಂ.ಎಂ. ಸೀಟ್ ಟ್ಯೂಬಿನಲ್ಲಿ 27.2ರ ಪೋಸ್ಟ್ ಸರಿಯಾಗಿ ಕೂತಿದ್ದರೆ ಕೊಳವೆ ತೆಳ್ಳಗಿದೆ ಅಂತ ಲೆಕ್ಕ. 26ರ ಆಸುಪಾಸಿನದಾದರೆ ದಪ್ಪ ಗೋಡೆ, ಭಾರದ ಫ್ರೇಮ್.

ಇನ್ನು ನಿಮ್ಮ ಎತ್ತರದ ವಿಷಯ. ಸಣ್ಣ ಫ್ರೇಮಿಗೆ 700ಸಿ, ಅಂದರೆ ಮಾಮೂಲಿ ರೋಡ್ ಸೈಕಲ್ ಅಳತೆಯ ಚಕ್ರ ಹಾಕಿದರೆ ನಿಧಾನಕ್ಕೆ ತಿರುಗಿಸುವಾಗ ಶೂ ತುದಿ ಮುಂದಿನ ಚಕ್ರಕ್ಕೆ ತಾಗುವ ಸಂಭವ ಜಾಸ್ತಿ. ಮಡ್‌ಗಾರ್ಡ್ ಬಂದರೆ ಇನ್ನೂ ಹತ್ತಿರ. ವೇಗದಲ್ಲಿ ಹ್ಯಾಂಡಲ್ ಅಷ್ಟು ತಿರುಗಿಸೋದಿಲ್ಲ, ಹಾಗಾಗಿ ತೊಂದರೆ ಇಲ್ಲ. ಆದರೆ ಸಿಗ್ನಲ್‌ನಲ್ಲಿ ಯೂ-ಟರ್ನ್ ಹೊಡೆಯುವಾಗ ಬೀಳಿಸುತ್ತೆ. ಸಣ್ಣ ಸೈಜಿಗೆ ಅದಕ್ಕಿಂತ ಚಿಕ್ಕದಾದ 650ಬಿ ಚಕ್ರಕ್ಕೆಂದೇ ಮಾಡಿದ ಫ್ರೇಮ್ ಸಿಕ್ಕರೆ ಅದನ್ನೇ ತಗೊಳ್ಳಿ. ರಿಮ್ಮಿನ ಅಳತೆ 622ರ ಬದಲು 584 ಎಂ.ಎಂ., ಮುಂದೆ ಜಾಗ ಉಳಿಯುತ್ತೆ. ಕೊಳ್ಳುವ ಮುಂಚೆ ಪೆಡಲ್ ಮುಂದಕ್ಕೆ ಮಾಡಿ, ಮಾಮೂಲಿ ಶೂನಲ್ಲೇ ಕಾಲಿಟ್ಟು, ಹ್ಯಾಂಡಲ್ ತಿರುಗಿಸಿ ನೋಡಿ.

ಶಿವಮೊಗ್ಗದಿಂದ

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಓಡಿಸ್ತೀರಾ ಅಂದರೆ ಪೂರ್ತಿ ಮಡ್‌ಗಾರ್ಡ್ ಬೇಕೇ ಬೇಕು. ಅರ್ಧಂಬರ್ಧ ಪ್ಲಾಸ್ಟಿಕ್ ಸಿಕ್ಕಿಸೋದು ಉಪಯೋಗಕ್ಕೆ ಬರಲ್ಲ. ಬಟ್ಟೆ ಒದ್ದೆ ಆಗಬಾರದು ಅಂತಲ್ಲ, ಮಳೆಯಲ್ಲಿ ಅದು ಹೇಗೂ ಆಗುತ್ತೆ. ಫ್ರೇಮ್ ಉಳಿಯಬೇಕು ಅಂತ. ಸೀಟ್ ಟ್ಯೂಬಿನ ಸೀಳು ಸಾಮಾನ್ಯವಾಗಿ ಹಿಂದಕ್ಕೆ ಮುಖ ಮಾಡಿರುತ್ತೆ. ಹಿಂದಿನ ಚಕ್ರ ಎರಚುವ ಕೆಸರು ನೀರು ಸೀದಾ ಅಲ್ಲಿಗೇ ಬೀಳುತ್ತೆ, ಅಲ್ಲಿಂದ ಒಳಗೆ ಇಳಿಯುತ್ತೆ.

ಆಗುಂಬೆ ಘಾಟಿಯಲ್ಲಿ ನೆನೆದು ಬಂದ ಮೇಲೆ ಸೀಟ್‌ಪೋಸ್ಟ್ ತೆಗೆದು ಸೈಕಲ್ ತಲೆಕೆಳಗು ಮಾಡುತ್ತೇನೆ. ಮೊದಲು ಸ್ವಲ್ಪ ತಿಳಿ ನೀರು, ಆಮೇಲೆ ಚಹಾ ಬಣ್ಣದ್ದು ಬರುತ್ತೆ, ಅದರಲ್ಲಿ ಸಣ್ಣ ಮರಳು. ಒಂದು ರಾತ್ರಿ ಹಾಗೇ ಬಿಟ್ಟು, ಒಣಗಿದ ಮೇಲೆ ಎಲ್ಲ ತೂತುಗಳಿಂದಲೂ ತುಕ್ಕು ತಡೆಯುವ ಎಣ್ಣೆ ಸ್ಪ್ರೇ ಹೊಡೆದು, ಫ್ರೇಮನ್ನು ನಾಲ್ಕೂ ಕಡೆ ಹೊರಳಿಸಬೇಕು. ಬಿಬಿ ಶೆಲ್ಲಿನ (ಪೆಡಲ್ ಆಕ್ಸಲ್ ಕೂರುವ ಅಡ್ಡ ಕೊಳವೆ) ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತೆ, ಮಣ್ಣು ಕೂತು ಮುಚ್ಚಿದ್ದರೆ ಕಡ್ಡಿಯಿಂದ ತೆಗೆಯಿರಿ. ಸೀಟ್‌ಪೋಸ್ಟಿಗೆ ಗ್ರೀಸ್ ತಪ್ಪಿಸಬೇಡಿ. ಸ್ಟೀಲ್ ಕೊಳವೆಯೊಳಗೆ ಅಲ್ಯೂಮಿನಿಯಂ ಪೋಸ್ಟ್ ಒಣಗಿ ಕೂತರೆ ಎರಡೂ ಕಚ್ಚಿಕೊಂಡು ಬಿಡುತ್ತವೆ. ಆಮೇಲೆ ಗರಗಸದಲ್ಲಿ ಕೊಯ್ದು ತೆಗೆಯೋ ಗತಿ.

ಸ್ಟೀಲ್ ಆದರೆ ಯಾವ ಹಳ್ಳಿಯಲ್ಲೂ ವೆಲ್ಡಿಂಗ್ ಮಾಡಿಸಬಹುದು ಅನ್ನೋ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತೆ. ಗೇಟು, ಕಿಟಕಿ ಬೆಸೆಯುವ ಕಡೆ ಅರ್ಧ ಎಂ.ಎಂ. ಗೋಡೆಯ ಕ್ರೋಮೊಲಿ ಕೊಟ್ಟರೆ ತೂತು ಬೀಳುತ್ತೆ. 531 ಅಂತೂ ವೆಲ್ಡಿಂಗಿಗೆ ಮಾಡಿದ್ದೇ ಅಲ್ಲ, ಕೊಳವೆ ತುದಿಗೆ ಲಗ್ ಎಂಬ ತೋಳು ಹಾಕಿ, ಹಿತ್ತಾಳೆ ಅಥವಾ ಬೆಳ್ಳಿ ಕರಗಿಸಿ ಬ್ರೇಝ್ ಮಾಡುವುದಕ್ಕೆ ಮಾಡಿದ್ದು. ರಿಪೇರಿ ಖಂಡಿತ ಆಗುತ್ತೆ, ಅದರ ಕೆಲಸ ಬಲ್ಲವರ ಹತ್ತಿರ.

ಬೆಂಗಳೂರಿನಿಂದ

ನನ್ನ ಹತ್ತಿರ 531 ಇದೆ, ತುಂಬಾ ಪ್ರೀತಿ. ಆದರೂ ನಿಮಗೆ ಹೊಸ ಡಿಸ್ಕ್ ಫ್ರೇಮೇ ಸರಿ ಅಂತೀನಿ.

ಹಳೇ ಫ್ರೇಮ್ ತಗೊಳ್ಳುವ ಮುಂಚೆ ಹಿಂದಿನ ಡ್ರಾಪ್‌ಔಟ್‌ಗಳ (ಚಕ್ರದ ಆಕ್ಸಲ್ ಕೂರುವ ಸೀಳುಗಳು) ನಡುವೆ ಟೇಪ್ ಹಿಡಿದು ನೋಡಿ. ಹಳೇ 5 ಸ್ಪೀಡಿನದು 120 ಎಂ.ಎಂ., 6-7 ಸ್ಪೀಡಿನದು 126. ಈಗಿನ ರಿಮ್ ಬ್ರೇಕಿನ ರೋಡ್ ಹಬ್ (ಚಕ್ರದ ನಡುವಿನ ಗುಂಬ) 130. ಸ್ಟೀಲ್ ಆಗಿರೋದರಿಂದ 126ನ್ನು 130ಕ್ಕೆ ಅಗಲಿಸಬಹುದು, ಎರಡೂ ಕಡೆ ಎರಡೆರಡು ಎಂ.ಎಂ. ಆದರೆ ಡ್ರಾಪ್‌ಔಟ್ ಮತ್ತೆ ಒಂದಕ್ಕೊಂದು ನೇರ ಮಾಡಿಸಲೇಬೇಕು, ಇಲ್ಲದಿದ್ದರೆ ಆಕ್ಸಲ್ ಮುರಿಯಬಹುದು. ಬಿಬಿ ಥ್ರೆಡ್ ಇಂಗ್ಲಿಷಾ, ಇಟಾಲಿಯನ್ನಾ, ಫ್ರೆಂಚಾ ನೋಡಬೇಕು. ಶೆಲ್ 70 ಎಂ.ಎಂ. ಅಗಲ ಇದ್ದರೆ ಇಟಾಲಿಯನ್. ಫ್ರೆಂಚ್ ಆದರೆ ಕಪ್ (ಬೇರಿಂಗ್ ಹಿಡಿಯುವ ಭಾಗ) ಹುಡುಕೋದೇ ಒಂದು ಕೆಲಸ. 27 ಇಂಚಿನ ಚಕ್ರಕ್ಕೆ ಮಾಡಿದ ಫ್ರೇಮಾದರೆ 700ಸಿ ಕೂರುತ್ತೆ, ಬ್ರೇಕ್ ಮಾತ್ರ 4 ಎಂ.ಎಂ. ಕೆಳಗೆ ಮುಟ್ಟಬೇಕು. ಅದಕ್ಕೆ 47–57 ಎಂ.ಎಂ. ರೀಚ್ ಇರುವ, ಅಂದರೆ ಅಷ್ಟು ಕೆಳಗೆ ಮುಟ್ಟುವ ಬ್ರೇಕ್ ಕ್ಯಾಲಿಪರ್ ಸಿಗುತ್ತೆ. ಹಳೇ ಫೋರ್ಕಿಗೆ ಡಿಸ್ಕ್ ಮೌಂಟ್ ಬೆಸೆಸುವ ಯೋಚನೆ ಮಾಡಬೇಡಿ. ಆ ಸಣ್ಣ ಕಾಲುಗಳು ಡಿಸ್ಕಿನ ಎಳೆತ ತಡೆಯಲೆಂದು ಮಾಡಿದವಲ್ಲ.

ಒಂದೇ ಫ್ರೇಮ್ ಎಲ್ಲಕ್ಕೂ ಆಗಬೇಕು ಅಂತ ಯೋಚಿಸಿ ಮಾಡಿದ್ದಕ್ಕೆ ಅಮೆರಿಕದ ಸರ್ಲಿ ಕಂಪನಿಯವರ ಕ್ರಾಸ್-ಚೆಕ್ ಫ್ರೇಮ್ ನೋಡಬೇಕು. ಈಗ ಅದು ತಯಾರಾಗುತ್ತಿಲ್ಲ. ಹಿಂದಿನ ಅಂತರ 132.5 ಎಂ.ಎಂ. ಇಟ್ಟಿದ್ದರು. 130ರ ರೋಡ್ ಹಬ್ಬೂ ಹಿಡಿಯುತ್ತೆ, 135ರ ಎಂಟಿಬಿ (ಮೌಂಟನ್ ಬೈಕ್) ಹಬ್ಬೂ ಹಿಡಿಯುತ್ತೆ. ಯಾವ ಫ್ರೇಮ್ ನೋಡಿದರೂ ಈ ತರಹದ ಮನಸ್ಸು ಅದರಲ್ಲಿದೆಯಾ ಅಂತ ನೋಡಿ.

ಕೇಳಿದವರು, ಬೆಂಗಳೂರು

ತುಂಬಾ ಥ್ಯಾಂಕ್ಸ್. ಹೊಸದನ್ನೇ ತಗೊಳ್ತೀನಿ. ಆದರೆ ತೂಕದ ಬಗ್ಗೆ ಅಳುಕು ಇದೆ. ನಂದಿ ಹತ್ತುವಾಗ ಗೊತ್ತಾಗುತ್ತಾ? ಗೇರ್ ಏನು ಹಾಕಲಿ?

ಬೆಂಗಳೂರಿನಿಂದ, ಬ್ರೆವೆ ಓಡಿಸುವವರು

ಲೆಕ್ಕ ಹಾಕೋಣ. ಈಗಿನ ಸೈಕಲ್ಲಿಗಿಂತ ಒಂದು ಕೆ.ಜಿ. ಜಾಸ್ತಿ ಅಂತಿಟ್ಟುಕೊಳ್ಳಿ. ನೀವು, ಸೈಕಲ್, ನೀರು ಎಲ್ಲ ಸೇರಿ 75 ಕೆ.ಜಿ. ಅಂದರೆ ನೂರಕ್ಕೆ ಸುಮಾರು 1.3ರಷ್ಟು ಹೆಚ್ಚು. 40 ನಿಮಿಷದ ಏರಿನಲ್ಲಿ ಸುಮಾರು ಅರ್ಧ ನಿಮಿಷ. ಅದಕ್ಕೋಸ್ಕರ ಮಡ್‌ಗಾರ್ಡ್, ದಪ್ಪ ಟೈರ್ ಬಿಡಬೇಡಿ.

ನಂದಿಗಿಂತ ನಿಮ್ಮೂರ ಕಡೆಯ ಕುಂದಾದ್ರಿ ಕಾಲು ಹಿಂಡುತ್ತೆ ಅಲ್ವಾ? ಅದಕ್ಕೆ ಗೇರ್ ಇರಲಿ. ಮುಂದಿನ ಹಲ್ಲುಚಕ್ರಗಳಿಗೆ 50/34 ಹಲ್ಲಿನ ಬದಲು 46/30, ಹಿಂದಿನವಕ್ಕೆ 11-34 ಹಾಕಿ. ಚಿಕ್ಕ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದು ಸುತ್ತೂ ಪೂರ್ತಿ ತಿರುಗಲ್ಲ. 46/11 ನಮ್ಮಂಥವರಿಗೆ ಇಳಿಜಾರಿನಲ್ಲೂ ಸಾಕು. ಶಿಮಾನೊ ಜಿಆರ್‌ಎಕ್ಸ್ ಕ್ರ್ಯಾಂಕ್ ಹಾಕಿದರೆ ಚೈನ್‌ಲೈನ್ (ಚೈನ್ ಓಡುವ ಗೆರೆ) ರೋಡ್ ಕ್ರ್ಯಾಂಕಿಗಿಂತ 2.5 ಎಂ.ಎಂ. ಹೊರಗಿರುತ್ತೆ, ಹಾಗಾಗಿ ಚೈನ್ ದಾಟಿಸುವ ಮುಂದಿನ ಡಿರೇಲರ್ ಕೂಡ ಜಿಆರ್‌ಎಕ್ಸ್‌ದೇ ತಗೊಳ್ಳಿ. ಬಿಡಿಬಿಡಿಯಾಗಿ ಕೊಳ್ಳುವವರು ಇನ್ನೊಂದು ಗಮನಿಸಬೇಕು: ಶಿಮಾನೊದ್ದೇ ಟಿಯಾಗ್ರಾ 4700 ಮತ್ತು 4600 ಎರಡೂ 10 ಸ್ಪೀಡೇ, ಆದರೆ ಕೇಬಲ್ ಎಳೆಯುವ ಅಳತೆ ಬೇರೆ. ಒಂದರ ಶಿಫ್ಟರ್ ಇನ್ನೊಂದರ ಡಿರೇಲರಿಗೆ ಹೊಂದಲ್ಲ.

ದುಡ್ಡು ಎಲ್ಲಾದರೂ ಜಾಸ್ತಿ ಹಾಕೋದಾದರೆ ಚಕ್ರಕ್ಕೆ ಹಾಕಿ. 32 ಕಡ್ಡಿಯ ಮಾಮೂಲಿ ಅಲ್ಯೂಮಿನಿಯಂ ರಿಮ್, ಕೈಯಲ್ಲಿ ಕಟ್ಟಿ ಟ್ರೂ ಮಾಡಿದ್ದು, ಅಂದರೆ ಓಲಾಡದಂತೆ ನೇರ ಮಾಡಿದ್ದು. ಒಂದು ಕಡ್ಡಿ ಮುರಿದರೂ ಮನೆ ಸೇರಿಸುತ್ತೆ. ಬ್ರೇಕ್ ಕೇಬಲ್ಲಿನ ಡಿಸ್ಕ್ ಸಾಕು, ದಾರಿಯಲ್ಲಿ ಕೈಕೊಟ್ಟರೆ ಒಂದು ಅಲೆನ್ ಕೀಯಲ್ಲಿ ಸರಿಮಾಡಬಹುದು. ಲೈಟ್ ಮರೆಯಬೇಡಿ. 200ಕ್ಕೆ ಸಮಯ 13 ಗಂಟೆ 30 ನಿಮಿಷ. ಬೆಳಗ್ಗೆ 6ಕ್ಕೆ ಹೊರಟರೂ ಸಂಜೆ 7.30ರವರೆಗೆ ದಾರಿಯಲ್ಲೇ ಇರಬಹುದು.

ಮಂಗಳೂರಿನಿಂದ

ಒಂದೇ ಮಾತು ಸೇರಿಸ್ತೀನಿ. ಫ್ರೇಮ್ ಕೈಗೆ ಬಂದ ತಕ್ಷಣ ಬಿಬಿ ಕಪ್ ಹಾಕಬೇಡಿ. ಹೊಸ ಫ್ರೇಮಿನ ಥ್ರೆಡ್ಡಿನಲ್ಲಿ ಪೇಂಟ್ ಕೂತಿರುತ್ತೆ. ಮೊದಲು ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಓಡಿಸಿ ಚೊಕ್ಕ ಮಾಡಿಸಿ, ಶೆಲ್ಲಿನ ಎರಡೂ ಮುಖ ಸಮ ಮಾಡಿಸಿ, ಗ್ರೀಸ್ ಹಚ್ಚಿ, ಬೆರಳಲ್ಲೇ ನಾಲ್ಕು ಸುತ್ತು ಹೋಗುತ್ತಾ ನೋಡಿ. ಇಂಗ್ಲಿಷ್ ಥ್ರೆಡ್ಡಿನಲ್ಲಿ ಬಲಗಡೆ ಕಪ್ ಉಲ್ಟಾ ತಿರುಗುತ್ತೆ. ಬೆರಳಿಗೆ ಹೋಗದಿದ್ದರೆ ಸ್ಪ್ಯಾನರ್ ಎತ್ತಬೇಡಿ, ಬಿಚ್ಚಿ ಮತ್ತೆ ಹಿಡಿಯಿರಿ.